ಯಾರ ಫ್ಲೆಕ್ಸ್, ಸಾರ್?

ನಮ್ಮ ಬಡಾವಣೆಯ ರಸ್ತೆ ಹೆದ್ದಾರಿಗೆ ಕೂಡುವ ತಿರುವಿನಲ್ಲಿ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಿದೆ. ಅದಕ್ಕೆ ತುಸು ಮೊದಲು, ಕೆಂಪು ತ್ರಿಕೋನದೊಳಗೆ ಶಾಲಾ ಮಗುವಿನ ಚಿತ್ರವಿರುವ ಎಚ್ಚರಿಕೆ ಫಲಕವೊಂದಿತ್ತು. ಕಳೆದ ಬೇಸಿಗೆಯಲ್ಲಿ ಅದು ಹತ್ತು ಅಡಿ ಎತ್ತರದ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಹಿಂದೆ ಪೂರ್ತಿ ಮರೆಯಾಗಿತ್ತು.

ಊರಿಗೆ ಬೇಕಾದವರಾಗಿದ್ದ ಹಿರಿಯರೊಬ್ಬರು ತೀರಿಕೊಂಡು ಎರಡು ತಿಂಗಳು ಕಳೆದಿದ್ದವು. ಹುಟ್ಟುಹಬ್ಬದ ಫ್ಲೆಕ್ಸ್ ಆಗಿದ್ದರೆ ಮುಂದಿನ ಹುಟ್ಟುಹಬ್ಬದವರು ಅದನ್ನು ತಾವಾಗಿಯೇ ಕಿತ್ತು ತಮ್ಮದನ್ನು ಕಟ್ಟುತ್ತಿದ್ದರು. ಶ್ರದ್ಧಾಂಜಲಿಯನ್ನು ಮುಟ್ಟಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ಕಬ್ಬಿಣದ ಚೌಕಟ್ಟನ್ನು ವಿದ್ಯುತ್ ಕಂಬಕ್ಕೆ ಬೈಂಡಿಂಗ್ ವೈರಿನಿಂದ ಬಿಗಿದಿದ್ದರು. ಮೇ ತಿಂಗಳ ಗಾಳಿಮಳೆಗೆ ಕೆಳಗಿನ ಕಟ್ಟು ಬಿಚ್ಚಿಕೊಂಡು, ಗಾಳಿ ಬಂದಾಗಲೆಲ್ಲ ಚೌಕಟ್ಟು ಮೇಲಿನ ತಂತಿಯತ್ತ ವಾಲುತ್ತಿತ್ತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಯುವಕರು ಸತ್ತ ಸುದ್ದಿಯನ್ನು ಓದಿದ್ದ ನನಗೆ, ಶಾಲೆಯ ಮಕ್ಕಳು ಅದರ ನೆರಳಲ್ಲಿ ಆಟೋಗೆ ಕಾಯುವುದನ್ನು ನೋಡಿ ಸುಮ್ಮನಿರಲಾಗಲಿಲ್ಲ.

ಮೊದಲು ಮೃತರ ಮಗನನ್ನೇ ಕೇಳಿದೆ. “ನಾವು ಹಾಕಿಸಿದ್ದಲ್ಲ ಸಾರ್, ಗೆಳೆಯರ ಬಳಗದವರು. ತೆಗೀರಿ ಅಂದ್ರೆ ತಪ್ಪು ತಿಳ್ಕೋತಾರೆ” ಎಂದರು. ಬಳಗದವರನ್ನು ಕೇಳಿದರೆ, “ತೆಗೆದ್ರೆ ಮನೆಯವರು ನೊಂದ್ಕೋತಾರಲ್ಲ” ಎಂದರು. ಎರಡು ಕಡೆಯ ಸಂಕೋಚಗಳೇ ಆ ಚೌಕಟ್ಟನ್ನು ಬೈಂಡಿಂಗ್ ವೈರಿಗಿಂತ ಬಿಗಿಯಾಗಿ ಹಿಡಿದುಕೊಂಡಿದ್ದವು.

ಕೊನೆಗೆ ನಗರಸಭೆಗೆ ಅರ್ಜಿ ಬರೆದೆ. ಫ್ಲೆಕ್ಸ್‌ನಲ್ಲಿ ಯಾರ ಚಿತ್ರವಿದೆ, ಯಾರು ಹಾಕಿಸಿದ್ದಾರೆ ಎಂಬುದನ್ನು ಬೇಕೆಂದೇ ಬರೆಯಲಿಲ್ಲ. ಕಂಬದ ಸಂಖ್ಯೆ, ಚೌಕಟ್ಟಿನ ಅಳತೆ, ಬಿಚ್ಚಿದ ಕಟ್ಟು, ಮರೆಯಾದ ಶಾಲಾ ಫಲಕ, ಜೊತೆಗೆ ಎರಡು ಫೋಟೋ: ಇಷ್ಟೇ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಅಧಿಸೂಚನೆಯಲ್ಲಿ ಕೈಚೀಲಗಳ ಜೊತೆ ಫ್ಲೆಕ್ಸ್, ಬ್ಯಾನರುಗಳೂ ಸೇರಿವೆ ಎಂಬುದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ನೆನಪಿಸಿದೆ. (ಆ ನಿಷೇಧದ ಬಳಿಕವೂ ನಮ್ಮೂರಿನಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿಗಳು ಒಂದರಿಂದ ನಾಲ್ಕಾಗಿವೆ.)

ಆವಕ ವಿಭಾಗದ ಗುಮಾಸ್ತರು ಅರ್ಜಿಯನ್ನು ಓದದೆಯೇ ತಲೆಯೆತ್ತಿ, “ಯಾರ ಫ್ಲೆಕ್ಸ್ ಸಾರ್?” ಎಂದರು. ಅದರಲ್ಲಿ ಬರೆದಿಲ್ಲ, ಕಂಬದ ಸಂಖ್ಯೆ ಬರೆದಿದ್ದೇನೆ ಎಂದೆ. “ಅದು ಗೊತ್ತಾಗದಿದ್ರೆ ಯಾರ್ನ ಕಳಿಸೋದು ಹೇಳಿ” ಎಂದರು. ಅವರನ್ನು ದೂರಲಾರೆ. ಮುಖ ಯಾರದೆಂದು ತಿಳಿಯದೆ ಫ್ಲೆಕ್ಸ್ ಇಳಿಸಿದ ನೌಕರನಿಗೆ ಮರುದಿನ ಯಾರಿಂದ ಫೋನ್ ಬರುತ್ತದೆಯೋ ಎಂಬ ಭಯ ಸಣ್ಣದಲ್ಲ. ನಾನು ಕಂಬವನ್ನು ಬಿಟ್ಟು ಅಲುಗದಿದ್ದಾಗ ನಕಲು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಒತ್ತಿ, ದಿನಾಂಕ ಹಾಕಿ ಕೊಟ್ಟರು. ಮೊಹರಿನ ಮಸಿ ತೆಳುವಾಗಿ, ಅರ್ಧ ಮಾತ್ರ ಮೂಡಿತ್ತು, ಇನ್ನೊಮ್ಮೆ ಒತ್ತಿಸಿಕೊಂಡೆ.

ಐದನೆಯ ದಿನ ರಾತ್ರಿ, ರಸ್ತೆ ಖಾಲಿಯಾದ ಮೇಲೆ, ಫ್ಲೆಕ್ಸ್ ಇಳಿಯಿತು. ಬೆಳಿಗ್ಗೆ ವಾಕಿಂಗ್ ಹೊರಟಾಗ ಶಾಲಾ ಫಲಕ ಕಂಡಿತು. ವೈರು ಉಜ್ಜಿ ಬಣ್ಣ ಹೋಗಿ, ಮಗುವಿನ ಚಿತ್ರದ ಮೇಲೆ ಅಡ್ಡಲಾಗಿ ತುಕ್ಕಿನ ಗೆರೆ ಬಿದ್ದಿತ್ತು. ಸಾಮಾನ್ಯವಾಗಿ ಕಸದ ಗಾಡಿಗೆ ಸೇರುವ ಫ್ಲೆಕ್ಸನ್ನು ಪೌರಕಾರ್ಮಿಕರು ಈ ಸಲ ಚಿತ್ರ ಒಳಮುಖವಾಗುವಂತೆ ಮಡಚಿ, ಮೃತರ ಮನೆಯ ಜಗಲಿಯ ಮೇಲೆ ಇಟ್ಟು ಹೋಗಿದ್ದರು. ಮಗ ನನ್ನನ್ನು ಕಂಡು ಏನೂ ಹೇಳಲಿಲ್ಲ, ಎಂದಿನಂತೆ ತಲೆಯಾಡಿಸಿದರು.

ಚೌಕಟ್ಟು ಮಾತ್ರ ಕಂಬದಲ್ಲೇ ಉಳಿದಿತ್ತು. ಕಂಬ ನಗರಸಭೆಯದಲ್ಲವಂತೆ. ಮತ್ತೊಂದು ಅರ್ಜಿ ಬರೆದುಕೊಂಡು ವಿದ್ಯುತ್ ಕಚೇರಿಗೆ ಹೋದೆ. ಅಲ್ಲಿಯವರೂ ಫೋಟೋ ನೋಡಿ, “ಯಾರ ಫ್ಲೆಕ್ಸ್ ಸಾರ್ ಇದು?” ಎಂದು ಕೇಳಿದರು.

“ಸದ್ಯಕ್ಕೆ ಯಾರದೂ ಅಲ್ಲ” ಎಂದೆ. ಲೈನ್‌ಮನ್ ಮಧ್ಯಾಹ್ನವೇ ಬಂದು ಬಿಚ್ಚಿದರು.