ಕನ್ನಡಕದ ನಂಬರಿಗೆಂದು ಬಂದವರು

ಭತ್ತದ ಕೊಯ್ಲು ಮುಗಿದು ಗಂಗಾವತಿಯ ಅಕ್ಕಿ ಗಿರಣಿಗಳು ಬಿಡುವಿಲ್ಲದೆ ನಡೆಯುವ ದಿನಗಳಲ್ಲಿ ನಮ್ಮ ಕಣ್ಣಿನ ಚಿಕಿತ್ಸಾಲಯಕ್ಕೆ ಹೊಟ್ಟು, ಧೂಳು ಬಿದ್ದು ಕಣ್ಣು ಕೆಂಪಾದವರೇ ಹೆಚ್ಚಾಗಿ ಬರುತ್ತಾರೆ. ಅಂಥ ಒಂದು ದಿನ, ಗಿರಣಿಯಲ್ಲಿ ಲೆಕ್ಕ ಬರೆಯುವ, ಐವತ್ತು ದಾಟಿದವರೊಬ್ಬರು ಬಂದು, "ಸಣ್ಣ ಅಕ್ಷರ ಕಾಣವಲ್ವು ರೀ, ನಂಬರ್ ಬರ್ದು ಕೊಡ್ರಿ, ಬ್ಯಾರೆ ಏನೂ ತ್ರಾಸಿಲ್ಲ" ಎಂದರು. ದೂರದ ದೃಷ್ಟಿ ಎರಡೂ ಕಣ್ಣುಗಳಲ್ಲಿ 6/6, ಅಂದರೆ ಸರಿಯಾಗಿಯೇ ಇತ್ತು. ಓದುವ ಕನ್ನಡಕ ಹಾಕಿದೊಡನೆ ಸಣ್ಣ ಅಕ್ಷರವೂ ಸ್ಪಷ್ಟವಾಯಿತು. ಕಣ್ಣಿನ ಒಳಗಿನ ಒತ್ತಡ ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ ಬಲಕ್ಕೆ 16, ಎಡಕ್ಕೆ 18 ಬಂತು. 21ರವರೆಗಿನ ಒತ್ತಡವನ್ನು ಸಾಮಾನ್ಯವೆಂದೇ ಬರೆದುಕೊಳ್ಳುತ್ತೇವೆ. ಆದರೂ ನಲವತ್ತು ದಾಟಿದವರ ಕಣ್ಣಿನ ನರವನ್ನು ನೋಡದೆ ಕನ್ನಡಕದ ಚೀಟಿ ಕೊಡಬಾರದೆಂಬುದು ನಾನು ಬಿಡದೆ ಪಾಲಿಸಿಕೊಂಡು ಬಂದ ಪದ್ಧತಿ.

ಪಾಪೆ ಹಿಗ್ಗುವ ಹನಿ ಹಾಕಿ ಅರ್ಧ ಗಂಟೆ ಕೂರಿಸಿ, ಕಣ್ಣನ್ನು ಹಿಗ್ಗಿಸಿ ತೋರಿಸುವ ಸ್ಲಿಟ್ ಲ್ಯಾಂಪಿನ ಮುಂದೆ, ಕಣ್ಣಿನ ಹಿಂಭಾಗ ಕಾಣಿಸುವ 90 ಡಯಾಪ್ಟರ್ ಲೆನ್ಸ್ ಹಿಡಿದು ಮೊದಲು ಬಲಗಣ್ಣು ನೋಡಿದೆ. ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಜಾಗವಾದ ಡಿಸ್ಕ್, ಸುಮಾರು ಒಂದೂವರೆ ಮಿಲಿಮೀಟರ್ ಅಗಲದ್ದು. ಹತ್ತು ಲಕ್ಷದಷ್ಟು ನರತಂತುಗಳು ಅದರ ಮೂಲಕವೇ ಮೆದುಳಿನ ಕಡೆಗೆ ಸಾಗುತ್ತವೆ. ತಂತುಗಳಿಂದ ತುಂಬಿದ ಅಂಚು ಕೇಸರಿ ಬೆರೆತ ಗುಲಾಬಿ ಬಣ್ಣದ್ದಾದರೆ, ಕಪ್ ಎನ್ನುವ ನಡುವಿನ ತಗ್ಗು ಬಿಳಿಚಿಕೊಂಡಿರುತ್ತದೆ. ಬಲಗಣ್ಣಿನ ಕಪ್ ಡಿಸ್ಕಿನ 0.4ರಷ್ಟಿತ್ತು; ಅಂಚು ಕೆಳಗೆ ಎಲ್ಲಕ್ಕಿಂತ ದಪ್ಪ, ಮೇಲೆ ತುಸು ಕಡಿಮೆ, ಮೂಗಿನ ಕಡೆ ಇನ್ನೂ ಕಡಿಮೆ, ಕಿವಿಯ ಕಡೆ ತೆಳು. ಆರೋಗ್ಯವಂತ ನರದಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮವೇ ಇದು.

ಎಡಗಣ್ಣಿನಲ್ಲಿ ಆ ಕ್ರಮ ಕೆಟ್ಟಿತ್ತು. ಕಪ್ 0.7ಕ್ಕೆ ಹಿಗ್ಗಿತ್ತು, ದಪ್ಪವಾಗಿರಬೇಕಾದ ಕೆಳ ಅಂಚು ಸವೆದಿತ್ತು, ಅಲ್ಲಿಯೇ ಡಿಸ್ಕಿನ ಅಂಚನ್ನು ದಾಟಿ ಕೂದಲೆಳೆಯಷ್ಟು ಸಣ್ಣ ರಕ್ತದ ಗೆರೆಯೊಂದಿತ್ತು. ಈ ಲೆನ್ಸಿನಲ್ಲಿ ಬಿಂಬ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಕಾಣುವುದರಿಂದ ನನಗೆ ಅದು ಕಂಡದ್ದು ಮೇಲ್ಭಾಗದಲ್ಲಿ. ಚೀಟಿಯಲ್ಲಿ ತಿರುಗಿಸಿ ಬರೆದುಕೊಂಡೆ. ಕೆಲವು ವಾರಗಳಲ್ಲಿ ಕರಗಿ ಕಾಣದಾಗುವ ಗೆರೆ ಅದು. ಒಂದೇ ಕಣ್ಣು ನೋಡಿದ್ದರೆ, ಡಿಸ್ಕ್ ದೊಡ್ಡದಿದ್ದವರಲ್ಲಿ ಹುಟ್ಟಿನಿಂದಲೇ ಕಪ್ ದೊಡ್ಡದಿರಬಹುದು ಎಂಬ ಅನುಮಾನಕ್ಕೆ ಎಡೆಯಿತ್ತು. ಇಲ್ಲಿ ಎರಡೂ ಡಿಸ್ಕುಗಳು ಒಂದೇ ಅಳತೆಯವಾಗಿದ್ದು, ಕಪ್‌ಗಳ ನಡುವೆ 0.3ರ ಅಂತರವಿತ್ತು, 0.2 ದಾಟಿದರೇ ಗ್ಲಾಕೋಮಾ, ಅಂದರೆ ದೃಷ್ಟಿನರ ಮೆಲ್ಲಗೆ ಸವೆಯುವ ರೋಗ, ಇದೆಯೇ ಎಂದು ಹುಡುಕಬೇಕು.

ಅದೇ ಬೆಳಿಗ್ಗೆ ಸಕ್ಕರೆ ಕಾಯಿಲೆಯ ಹೆಣ್ಣುಮಗಳೊಬ್ಬರ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪರದೆಯಲ್ಲಿ, ಕೆಂಪು ಚುಕ್ಕೆಗಳನ್ನೂ ಅದರ ನಡುವೆ ಸ್ಪಷ್ಟ ನೋಟ ಕೊಡುವ ಮ್ಯಾಕುಲಾದ ಬಳಿ ಹಳದಿ ಜಿಡ್ಡಿನ ಕಲೆಗಳನ್ನೂ ಕಂಡಿದ್ದೆ. ಅವು ನೋಡುವವರ ಗಮನವನ್ನು ತಾವಾಗಿಯೇ ಸೆಳೆಯುತ್ತವೆ. ನರದ ಸವೆತ ಹಾಗಲ್ಲ. ಅಂಚಿನ ಸುತ್ತ ಗಡಿಯಾರದ ಮುಳ್ಳಿನಂತೆ ದೃಷ್ಟಿಯನ್ನು ನಿಧಾನವಾಗಿ ಸರಿಸುತ್ತ ಹೋದವರಿಗೆ ಮಾತ್ರ ಅದು ಸಿಗುತ್ತದೆ. ಆದ್ದರಿಂದ ಯಾವ ಕಣ್ಣಿನಲ್ಲಾದರೂ ಮೊದಲು ಡಿಸ್ಕ್, ಆಮೇಲೆ ರಕ್ತನಾಳ, ಮ್ಯಾಕುಲಾ, ಕೊನೆಗೆ ಅಂಚಿನ ರೆಟಿನಾ ಎಂದು ನೋಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಬಳ್ಳಾರಿಯಲ್ಲಿ ಮಾಡಿಸಿದ ದೃಷ್ಟಿ ವ್ಯಾಪ್ತಿಯ ಪರೀಕ್ಷೆಯಲ್ಲಿ ಎಡಗಣ್ಣಿನ ಮೇಲ್ಭಾಗದಲ್ಲಿ ಬಿಲ್ಲಿನಾಕಾರದ ಕುರುಡು ಪಟ್ಟಿ ಕಂಡುಬಂತು. ಕೆಳಗಿನ ತಂತುಗಳು ಸತ್ತರೆ ಮೇಲಿನ ನೋಟ ಹೋಗುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಅವರಿಗದು ಗೊತ್ತೇ ಆಗಿರಲಿಲ್ಲ. "ಪೊರೆ ತಗದಂಗ ಇದನ್ನೂ ತಗೀರಿ" ಎಂದು ಅವರು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಪೊರೆ ತೆಗೆಸಿಕೊಂಡು ಮತ್ತೆ ಚೆನ್ನಾಗಿ ಕಾಣುವವರನ್ನು ನಮ್ಮ ಊರುಗಳಲ್ಲಿ ಎಲ್ಲರೂ ಕಂಡಿದ್ದಾರೆ. ಆದರೆ ಸತ್ತ ನರತಂತು ಮರಳುವುದಿಲ್ಲ, ಉಳಿದದ್ದನ್ನು ಕಾಯಬಹುದಷ್ಟೆ. ಒತ್ತಡ ಸಾಮಾನ್ಯವಿದ್ದರೂ ಅದನ್ನು ಇನ್ನೂ ಮೂರರಲ್ಲೊಂದು ಭಾಗ ಇಳಿಸಬೇಕೆಂದು ವಿವರಿಸಿ, ರಾತ್ರಿ ಹಾಕುವ ಹನಿ ಬರೆದುಕೊಟ್ಟೆ. ಒಡಹುಟ್ಟಿದವರಲ್ಲಿ ಗ್ಲಾಕೋಮಾದ ಸಂಭವ ಹೆಚ್ಚು. ಕಾರಟಗಿಯಲ್ಲಿರುವ ತಮ್ಮನನ್ನೂ ಸಿಂಧನೂರಿಗೆ ಕೊಟ್ಟ ತಂಗಿಯನ್ನೂ ಕಳುಹಿಸಲು ಹೇಳಿದೆ. ತಂಗಿ ಬಂದು ತೋರಿಸಿಕೊಂಡು ಹೋಗಿದ್ದಾರೆ, ಅವರ ನರ ಚೆನ್ನಾಗಿದೆ. ತಮ್ಮ ಇನ್ನೂ ಬರಬೇಕು.