‘ಸಾರ್, ಈ ಸೀನರಿ ಒರಿಜಿನಲ್ಲಾ?’

ಹಿಂದೆ ಗುಡ್ಡ, ನಡುವೆ ಕೆರೆ, ಮುಂದೊಂದು ಎತ್ತಿನಗಾಡಿ. ಇಂಥದೊಂದು ಫೋಟೊ ವಾರಕ್ಕೊಮ್ಮೆಯಾದರೂ ನನ್ನ ಫೋನಿಗೆ ಬರುತ್ತದೆ. “ತಾತನ ಕಾಲದ್ದು ಸಾರ್, ಒರಿಜಿನಲ್ಲಾ ನೋಡಿ ಹೇಳಿ.” ನನ್ನ ಉತ್ತರವೂ ಒಂದೇ: “ಗೋಡೆಯಿಂದ ಇಳಿಸಿ, ಹಿಂಬದಿಯ ಫೋಟೊ ಕಳಿಸಿ.”

ನಕಲು ಮಾಡುವವರು ಬೆನ್ನಿನ ಗೊಡವೆಗೆ ಹೋಗುವುದು ಕಮ್ಮಿ. ಹಳೇ ಕ್ಯಾನ್ವಾಸ್ ಹಿಂದೆ ಕಂದಿರುತ್ತದೆ, ಅಂಚಿನ ಮೊಳೆ ತುಕ್ಕು ಹಿಡಿದು ಬಟ್ಟೆಗೂ ಕಲೆ ಬಿಟ್ಟಿರುತ್ತದೆ. ಬೆಳ್ಳಗಿನ ಬಟ್ಟೆಗೆ ಹೊಳೆಯುವ ಸ್ಟೇಪಲ್ ಪಿನ್ ಹೊಡೆದಿದ್ದರೆ ತಾತನ ಮಾತು ಅಲ್ಲಿಗೇ ಬಿಡಿ. ಫ್ರೇಮ್ ಅಂಗಡಿಯ ಚೀಟಿಯಲ್ಲಿ ಹಳೇ ಕಾಲದ 6 ಅಂಕಿಯ ಫೋನ್ ನಂಬರ್ ಇದ್ದರೆ ನನಗೆ ಖುಷಿ. ಆದರೆ ಅದು ಚೌಕಟ್ಟಿನ ವಯಸ್ಸು, ಚಿತ್ರದ್ದಲ್ಲ.

ಆಮೇಲೆ ಭೂತಗನ್ನಡಿ. 10 ಪಟ್ಟಿನದು ಸಾಕು. ಆಕಾಶದ ನೀಲಿಯನ್ನು ನೋಡಿ. ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಸಾಲುಸಾಲಾಗಿ ಹೂವಿನಂತೆ ಕೂತಿದ್ದರೆ ಅದು ಅಚ್ಚು. ಕೈಯಿಂದ ಬರೆದ ಜಲವರ್ಣವಾದರೆ ಬಣ್ಣದ ಕಣಗಳು ಕಾಗದದ ಕುಳಿಗಳಲ್ಲಿ ಇಳಿದು ನಿಂತಿರುತ್ತವೆ, ನೀರು ಆರಿದ ಕಡೆ ಅಂಚಿಗೊಂದು ಗಾಢ ಗೆರೆ ಕಾಣುತ್ತದೆ. ಬಣ್ಣದಡಿ ಪೆನ್ಸಿಲ್ ಗೀಟು ಸಿಕ್ಕರೆ ಇನ್ನೂ ಒಳ್ಳೆಯದು.

ನಾನೂ ಮೋಸಹೋಗಿದ್ದೇನೆ. ವರ್ಷಗಳ ಹಿಂದೆ 4,500 ರೂಪಾಯಿ ಕೊಟ್ಟು ತೆಂಗಿನ ತೋಟದ ‘ಆಯಿಲ್ ಪೇಂಟಿಂಗ್’ ತಂದೆ. ಸವರಿದರೆ ಕುಂಚದ ಉಬ್ಬು ಕೈಗೆ ಸಿಗುತ್ತಿತ್ತು. ರಾತ್ರಿ ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿದರೆ ಉಬ್ಬುಗಳು ತೆಂಗಿನ ಕಾಂಡವನ್ನು ಲೆಕ್ಕಿಸದೆ ಸೀದಾ ಆಕಾಶಕ್ಕೆ ಹೊರಟಿದ್ದವು! ಪ್ರಿಂಟಿನ ಮೇಲೆ ಪಾರದರ್ಶಕ ಜೆಲ್ ಬಳಿದಿದ್ದರು. ಅದನ್ನಿನ್ನೂ ಎಸೆದಿಲ್ಲ, ಮೇಜಿನೆದುರೇ ತೂಗುಹಾಕಿದ್ದೇನೆ.

ಹಾಗಂತ ಅಚ್ಚೆಲ್ಲ ಕಸವಲ್ಲ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯ ಜತೆ ಬಂದ ಬ್ರಿಟಿಷ್ ಚಿತ್ರಕಾರ ರಾಬರ್ಟ್ ಹೋಮ್ ಸಾವನದುರ್ಗ, ಶಿವಗಂಗೆಗಳನ್ನು ಚಿತ್ರಿಸಿದ. ಅವನ್ನು ತಾಮ್ರದ ತಗಡಿನಲ್ಲಿ ಕೆತ್ತಿ ಒತ್ತಿದ ಮುದ್ರಣಗಳು 1794ರಲ್ಲಿ ಹೊರಬಂದವು. ಆ ಕಾಲದ ಪ್ರತಿ ಸಿಕ್ಕರೆ ಅದೂ ಅಸಲಿಯೇ. ಅಂಚು ಕತ್ತರಿಸದಿದ್ದರೆ ತಾಮ್ರದ ತಗಡು ಒತ್ತಿದ ಗುರುತು ಬೆರಳಿಗೆ ತಾಕುತ್ತದೆ. ಆ ಸಾಲುಸಾಲು ಚುಕ್ಕಿ ಕಂಡರೆ ಮಾತ್ರ ಈಚಿನ ಮರುಮುದ್ರಣ.

ಗುಲ್‌ಮೊಹರ್ ಮರವಿದ್ದರೆ ಸಾಕು, “ರುಮಾಲೆ ಚನ್ನಬಸವಯ್ಯನವರದ್ದಾ?” ಅನ್ನುತ್ತಾರೆ; ಹೂಬಿಟ್ಟ ಮರಗಳ ಚಿತ್ರಗಳಿಗೆ ಹೆಸರಾದ ಕಲಾವಿದರು ಅವರು. ಸಹಿಯನ್ನು ನಾನು ಕೊನೆಗೆ ನೋಡುವುದು. ಸಹಿಯ ಬಣ್ಣ ಹಳೇ ಬಿರುಕಿನೊಳಗೆ ಇಳಿದಿದ್ದರೆ, ಬಿರುಕು ಬಿಟ್ಟ ಮೇಲೆ ಯಾರೋ ಬರೆದದ್ದು.

ಹೊಸದಾಗಿ ಸಂಗ್ರಹಿಸುವವರಿಗೆ ಇಷ್ಟೆಲ್ಲ ರಗಳೆ ಬೇಡ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆದಾಗ ಹೋಗಿ, ಬರೆದವರ ಕೈಯಿಂದಲೇ ಕೊಳ್ಳಿ. ಚಿತ್ರದ ಹಿಂದೆ ಹೆಸರು, ಇಸವಿ, ಯಾವ ಬಣ್ಣ ಅಂತ ಪೆನ್ಸಿಲಿನಲ್ಲಿ ಬರೆಸಿಕೊಳ್ಳಿ. ಕೆಲವರು ಯಾವ ಊರಿನ ಕೆರೆ, ಅವತ್ತು ಎಷ್ಟು ಹೊತ್ತಿಗೆ ಮಳೆ ಬಂತು ಅಂತಲೂ ಬರೆದುಕೊಡುತ್ತಾರೆ.