ಕ್ರಾಸ್‌ಬೋ ಅಷ್ಟು ನಿಧಾನ ಅಂದ್ಮೇಲೆ ಯಾಕೆ ಇಟ್ಕೊಂಡಿದ್ರು?

ಮಧ್ಯಯುಗದ ಯುರೋಪಿನ ಯುದ್ಧಗಳ ಮಾತು ತೆಗೆದ್ರೆ ಸಾಕು, ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ: ಇಂಗ್ಲಿಷರ ಉದ್ದಬಿಲ್ಲು, ಅದೇ ಲಾಂಗ್‌ಬೋ, ನಿಮಿಷಕ್ಕೆ ಹತ್ತು ಬಾಣ ಬಿಡ್ತಿತ್ತು, ಕ್ರಾಸ್‌ಬೋ, ಅಂದ್ರೆ ಮರದ ಹಿಡಿ ಮೇಲೆ ಅಡ್ಡ ಕೂರಿಸಿದ ಬಿಲ್ಲು, ಎರಡೋ ಮೂರೋ, ಫ್ರಾನ್ಸಿನ ಕ್ರೆಸಿ ಯುದ್ಧದಲ್ಲಿ ಇಂಗ್ಲಿಷರ ಎದುರು ಸೋತೂ ಹೋಯ್ತು, ಮತ್ಯಾಕೆ ಬೇಕಿತ್ತು ಅದು ಅಂತ.

ಲಾಂಗ್‌ಬೋ ಎಳೆಯೋಕೆ ಹುಡುಗರಾಗಿದ್ದಾಗ್ಲಿಂದ ಮೈ ಪಳಗಿರ್ಬೇಕು, ಹೆದೆ ಎಳೆದು ಹಿಡ್ಕೊಂಡು ತುಂಬಾ ಹೊತ್ತು ನಿಲ್ಲೋಕಂತೂ ಆಗಲ್ಲ. ಕ್ರಾಸ್‌ಬೋದಲ್ಲಿ ಮುಂದಿರೋ ಕಬ್ಬಿಣದ ಬಳೆಗೆ ಕಾಲಿಟ್ಟು, ಸೊಂಟದ ಪಟ್ಟಿಯ ಕೊಕ್ಕೆಗೆ ಹೆದೆ ಸಿಗಿಸಿ ಎದ್ದು ನಿಂತ್ರೆ ಆಯ್ತು, ಹೆದೆ ಹೋಗಿ ಕೊಂಬಿನಿಂದ ಮಾಡಿದ ಪುಟ್ಟ ಉರುಳೆಗೆ ಕಚ್ಕೊಳ್ಳುತ್ತೆ, ಆಮೇಲೆ ಕೋಟೆ ಕಿಂಡೀಲಿ ಗುರಿ ಇಟ್ಕೊಂಡು ಕಾಯ್ತಾ ಕೂರಬಹುದು. ಕೋಟೆ ಕಾಯೋರಿಗೆ ಬೇಕಿದ್ದಿದ್ದೇ ಅದು. 1199ರಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ಗೆ ಫ್ರಾನ್ಸಿನ ಶಾಲೂಸ್ ಕೋಟೆ ಮೇಲಿಂದ ಹೆಗಲಿಗೆ ತಗುಲಿದ್ದು ಇಂಥದ್ದೇ ಬಾಣ, ಗಾಯ ಕೊಳೆತು ಏಪ್ರಿಲ್ 6ಕ್ಕೆ ತೀರ್ಕೊಂಡ.

ನಿಧಾನ ಅನ್ನೋದಕ್ಕೂ ಮದ್ದಿತ್ತು, ಅದನ್ನ ಚೆನ್ನಾಗಿ ತೋರಿಸಿದವನೂ ಇದೇ ರಿಚರ್ಡ್. 1192ರಲ್ಲಿ, ಈಗಿನ ಇಸ್ರೇಲಿನಲ್ಲಿರೋ ಜಾಫಾ ಹತ್ರ, ಸುಲ್ತಾನ ಸಲಾದಿನ್‌ನ ಕುದುರೆ ಸೇನೆ ತನ್ನ ಮೇಲೆ ಬಿದ್ದಾಗ ಮುಂದೆ ಈಟಿಯವರನ್ನ ಮಂಡಿಯೂರಿ ಕೂರಿಸಿ, ಹಿಂದೆ ಕ್ರಾಸ್‌ಬೋದವರನ್ನ ಜೋಡಿ ಜೋಡಿಯಾಗಿ ನಿಲ್ಲಿಸಿದ, ಒಬ್ಬ ಹೊಡೀತಿದ್ದ, ಇನ್ನೊಬ್ಬ ಹೆದೆ ಏರಿಸಿ ಕೊಡ್ತಿದ್ದ. ಮತ್ತೆ ಮತ್ತೆ ಬಂದ ಕುದುರೆಗಳಿಗೆ ಆ ಸಾಲು ಒಡೆಯೋಕೆ ಆಗ್ಲೇ ಇಲ್ಲ.

ಇನ್ನು ಕ್ರೆಸಿ, 1346ರ ಆಗಸ್ಟ್ 26. ಫ್ರೆಂಚರ ಕಡೆ ದುಡಿಯೋಕೆ ಬಂದಿದ್ದ ಇಟಲಿಯ ಜಿನೋವಾದ ಕ್ರಾಸ್‌ಬೋದವ್ರು ನಡೆದೂ ನಡೆದೂ ಸುಸ್ತಾಗಿದ್ರು. ಮಳೆಗೆ ಹೆದೆ ನೆಂದಿತ್ತು ಅಂತ ಬರೆದವರಿದಾರೆ, ಇರಬಹುದು, ಆದ್ರೆ ನನ್ನ ಪ್ರಕಾರ ದೊಡ್ಡ ಏಟು ಬಿದ್ದಿದ್ದು ಗುರಾಣಿ ಇಲ್ದೇ ಇದ್ದಿದ್ದಕ್ಕೆ. ಇವರು ಹೆದೆ ಏರಿಸುವಾಗ ಮರೆಗೆ ನಿಲ್ತಿದ್ದ ಆ ದೊಡ್ಡ ಗುರಾಣಿಗಳು ಸಾಮಾನಿನ ಗಾಡಿಗಳ ಜೊತೆ ಹಿಂದೆ ಉಳಿದಿದ್ವು. ಬಯಲಲ್ಲಿ ಮರೆ ಇಲ್ದೆ ನಿಂತು, ಬಗ್ಗಿ ಹೆದೆ ಎಳೀತಿರೋರ ಮೇಲೆ ಬಾಣದ ಮಳೆ ಸುರಿದ್ರೆ ಯಾರು ತಾನೆ ನಿಲ್ತಾರೆ? ಹಿಂದಕ್ಕೆ ಓಡಿ ಬಂದವರನ್ನ ಫ್ರೆಂಚ್ ಕುದುರೆ ಸವಾರರೇ ತುಳಿದು ಕೊಚ್ಚಿ ಹಾಕಿದ್ರು, ಇದನ್ನ ಓದುವಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ.

ಅದಕ್ಕೇ ಆ ಒಂದು ದಿನ ನೋಡಿ ಕ್ರಾಸ್‌ಬೋ ಕೆಲಸಕ್ಕೆ ಬಾರದ್ದು ಅನ್ಬೇಡಿ. ಫ್ರೆಂಚರೇ ಹಾಗೆ ಅಂದ್ಕೊಳ್ಲಿಲ್ಲ, ಹತ್ತು ವರ್ಷ ಬಿಟ್ಟು 1356ರಲ್ಲಿ ಪ್ವಾಟಿಯೇ ಯುದ್ಧಕ್ಕೂ ಕ್ರಾಸ್‌ಬೋದವರನ್ನ ಕರ್ಕೊಂಡೇ ಹೋದ್ರು.